ತಕ್ಕಡಿ ನಿಂತಾಗ ಯೂರಿಯಾ ಚೀಲ ಎತ್ತಿದೆವು

ನವಲಗುಂದ ತಾಲೂಕಿನ ನಮ್ಮ ಊರಲ್ಲಿ ‘ತೂಕ ಇಳಿಸ್ತೀವಿ’ ಅಂದರೆ ಮೊದಲು ಬರುವ ಪ್ರಶ್ನೆ, ‘ಯಾಕ, ಏನಾಗೇತಿ?’ ಎರಡನೆಯದು, ‘ಹೊಲದಾಗ ಕೆಲಸಾ ಇಲ್ಲೇನು?’ ಎರಡಕ್ಕೂ ಉತ್ತರ ಕೊಡಬೇಕಾಗುತ್ತದೆ. ಹಾಗಾಗಿ ಲೆಕ್ಕವನ್ನು ಮೊದಲೇ ಇಡುತ್ತೇವೆ.

ನಾವೆಂದರೆ ಒಂದೇ ಮನೆಯ ಮೂವರು ಹೆಂಗಸರು: ಅವ್ವ, ವೈನಿ, ಮಗಳು. ಕಳೆದ ಯುಗಾದಿ ಹೊತ್ತಿಗೆ 52 ವರ್ಷದ ಅವ್ವನ ತೂಕ 74 ಕೆಜಿ, ಎತ್ತರ 152 ಸೆಂ.ಮೀ. ವೈನಿಯದು 63 ಕೆಜಿ, ಮಗಳದು 68. ಆಶಾ ಕಾರ್ಯಕರ್ತೆ ಮನೆಗೆ ಬಂದು 30 ದಾಟಿದವರ ಫಾರ್ಮ್ ತುಂಬುವಾಗ ಟೇಪು ತೆಗೆದು ಅವ್ವನ ಸೊಂಟ ಅಳೆದರು: 99 ಸೆಂ.ಮೀ. ಆ ಫಾರ್ಮಿನಲ್ಲಿ ಹೆಂಗಸರ ಸೊಂಟ 80ರ ಒಳಗಿದ್ದರೆ ಸೊನ್ನೆ, 81ರಿಂದ 90 ಇದ್ದರೆ ಒಂದು ಅಂಕ, 90 ದಾಟಿದರೆ ಎರಡು. ವಾರಕ್ಕೆ 150 ನಿಮಿಷ ವ್ಯಾಯಾಮ ಇಲ್ಲದಿದ್ದರೆ ಇನ್ನೊಂದು. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಅದಕ್ಕೂ ಅಂಕ. ಒಟ್ಟು ನಾಲ್ಕು ದಾಟಿದರೆ ರಕ್ತಪರೀಕ್ಷೆಗೆ ಬರಬೇಕು. ಅವ್ವ ದಾಟಿದ್ದಳು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.3 ಬಂತು. 5.7ರಿಂದ 6.4 ಅಂದರೆ ಕಾಯಿಲೆಯ ಹೊಸ್ತಿಲು, 6.5ಕ್ಕೆ ಒಳಗೆ ಕಾಲಿಟ್ಟಂತೆ.

ನಮ್ಮ ಮನೆಯಲ್ಲಿ ಈ ಹೊಸ್ತಿಲು ಅಂದರೆ ಏನೆಂದು ಗೊತ್ತು. ದೊಡ್ಡಪ್ಪನ ಬಲಗಾಲಿನ ಎರಡು ಬೆರಳು ತೆಗೆದದ್ದು ಇದೇ ಸಕ್ಕರೆಯಿಂದ. ಅವ್ವನಿಗೆ ಅದಕ್ಕಿಂತ ದೊಡ್ಡ ಚಿಂತೆ ಮೊಣಕಾಲಿನದು. ಎರಡು ವರ್ಷದಿಂದ ಕಡಲೆ ಕೀಳಲು ಹೋಗಿರಲಿಲ್ಲ. ಒಲೆ ಮುಂದೆ ಕೂತು ರೊಟ್ಟಿ ಬಡಿದರೆ ಏಳುವಾಗ ಯಾರಾದರೂ ಕೈ ಕೊಡಬೇಕಿತ್ತು. ‘ಕುಂತ್ರ ಏಳಾಕ ಆಗೂದಿಲ್ಲ, ನಿಂತ್ರ ಕುಂದ್ರಾಕ ಆಗೂದಿಲ್ಲ. ಇದೇನ್ ಬಾಳೇವು?’ ಅನ್ನುತ್ತಿದ್ದಳು.

ಹಳ್ಳಿಯಲ್ಲಿ ಬೊಜ್ಜು ಎಲ್ಲಿಂದ ಬಂತು ಎಂದು ಪ್ಯಾಟೆಯ ಗೆಳತಿಯರು ಕೇಳುತ್ತಾರೆ. ನಮ್ಮ ಕಡೆ ಎರಿ ಭೂಮಿ, ಅಂತರ್ಜಲ ಸವುಳು. ಕುಡಿಯುವ ನೀರಿಗೆ ಕೆರೆಯೇ ಗತಿ. ಅವ್ವ ಮದುವೆಯಾಗಿ ಬಂದಾಗ ದಿನಕ್ಕೆ ಆರೇಳು ಕೊಡ ನೀರು ಕೆರೆಯಿಂದ ಹೊತ್ತು ತರುತ್ತಿದ್ದಳು. ತಲೆ ಮೇಲೊಂದು, ಸೊಂಟದ ಮೇಲೊಂದು. ಈಗ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ಬೈಕಿನ ಮೇಲೆ ಬರುತ್ತದೆ. ಬೀಸುಕಲ್ಲು ಹಿತ್ತಲ ಮೂಲೆಗೆ ಬಿದ್ದು ಗಿರಣಿ ಬಂತು. ರಾಶಿಗೆ ಮಷಿನ್ ಬಂತು, ಕಳೆಗೆ ಎಣ್ಣಿ ಬಂತು. ಇವೆಲ್ಲ ಬಂದದ್ದು ಒಳ್ಳೆಯದೇ. ಆ ಕೊಡ ಹೊತ್ತವರ ಕುತ್ತಿಗೆ ನೋವು ಕೇಳಿದರೆ ಯಾರೂ ಹಳೆಯ ಕಾಲ ಬೇಕು ಅನ್ನುವುದಿಲ್ಲ. ಆದರೆ ಎತ್ತುವ, ಹೊರುವ, ಎಳೆಯುವ, ಬೀಸುವ ಕೆಲಸ ಒಂದೇ ತಲೆಮಾರಿನಲ್ಲಿ ಮೈಯಿಂದ ಹೋಯಿತು. ಉಳಿದದ್ದು ಕೂತು ಮಾಡುವ ಕೆಲಸ, ನಿಂತು ಮಾಡುವ ಅಡಿಗೆ. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆಂಗಸರಲ್ಲಿ ಸುಮಾರು 30 ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚು.

ಯುಗಾದಿ ಮರುದಿನದಿಂದ ಶುರು ಮಾಡಿದೆವು. ಚಹಾದ ಸಕ್ಕರೆ ನಿಂತಿತು. ನಾಲ್ಕು ರೊಟ್ಟಿ ಇದ್ದಲ್ಲಿ ಎರಡೂವರೆ ಆಯಿತು, ಪಲ್ಯ ಎರಡು ಪಾಲಾಯಿತು. ಸಂಜೆಯ ಮಿರ್ಚಿ ವಾರಕ್ಕೊಮ್ಮೆ. ಬೆಳಗ್ಗೆ ಐದೂವರೆಗೆ ಕಾಲುವೆ ದಂಡೆ ಮೇಲೆ 45 ನಿಮಿಷ ನಡಿಗೆ. ಮೊದಲ ಎರಡು ವಾರದಲ್ಲೇ ಅವ್ವನ ತೂಕ ಎರಡೂವರೆ ಕೆಜಿ ಇಳಿಯಿತು. ಆಮೇಲೆ ನಿಧಾನವಾಗಿ, ಆದರೆ ಇಳಿಯುತ್ತಲೇ ಹೋಗಿ ಶ್ರಾವಣದ ಬಾಗಿಲಿಗೆ 67.5ಕ್ಕೆ ಬಂತು. ವೈನಿ 59, ಮಗಳು 63.5.

ಅಲ್ಲಿಗೆ ನಿಂತಿತು. ಶ್ರಾವಣ ಹೋಯಿತು, ಗಣಪತಿ ಬಂದು ಹೋದ, ಮಹಾಲಯ ಅಮವಾಸ್ಯೆ ಬಂತು. ಒಂಬತ್ತು ವಾರ ಅದೇ ಊಟ, ಅದೇ ನಡಿಗೆ. ತಕ್ಕಡಿ ಮಾತ್ರ 67.2, 67.8, 67.5. ಕಿರಾಣಿ ಅಂಗಡಿಯ ತಕ್ಕಡಿ ಕೆಟ್ಟಿದೆಯೆಂದು ಉಪಕೇಂದ್ರದ್ದರಲ್ಲಿ ನಿಂತರೂ ಅಷ್ಟೇ. ಇದೇ ಹೊತ್ತಿಗೆ ತೂಕ ಇಳಿಸುವ ಪುಡಿ ಮಾರುವವರೊಬ್ಬರು ಓಣಿಗೆ ಬಂದು, ತಿಂಗಳಿಗೆ ಎರಡು ಸಾವಿರದ ಡಬ್ಬಿ ತಗೊಂಡರೆ ‘ನಿಂತದ್ದು ಮತ್ತ ಓಡತೈತ್ರಿ’ ಅಂದರು. ವೈನಿ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

ತೂಕ ಯಾಕೆ ನಿಲ್ಲುತ್ತದೆ ಎನ್ನುವುದನ್ನು ತಿಳಿದುಕೊಂಡದ್ದು ಆ ವಾರಗಳಲ್ಲಿ. ಓದಿದ್ದನ್ನು ಅವ್ವನಿಗೆ ರೊಟ್ಟಿ ಲೆಕ್ಕದಲ್ಲಿ ಹೇಳಿದೆವು. ನಿಮಗೂ ಹಾಗೆಯೇ ಹೇಳುತ್ತೇವೆ.

ಮೊದಲ ವಾರಗಳಲ್ಲಿ ಇಳಿಯುವ ತೂಕದಲ್ಲಿ ನೀರಿನ ಪಾಲು ದೊಡ್ಡದು. ದೇಹ ತನ್ನ ತುರ್ತು ಖರ್ಚಿಗೆ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಇಟ್ಟುಕೊಂಡಿರುತ್ತದೆ. ಅದರ ಒಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆಯಾದಾಗ ಅದು ಕರಗಿ ನೀರೂ ಹೋಗುತ್ತದೆ. ಹಾಗಾಗಿ ಮೊದಲ ಎರಡು ವಾರದ ವೇಗ ಮುಂದೆ ಇರುವುದಿಲ್ಲ.

ಎರಡನೆಯದು, ಚಿಕ್ಕ ದೇಹದ ಖರ್ಚೂ ಚಿಕ್ಕದು. 74 ಕೆಜಿ ಹೊತ್ತು ನಡೆಯುವುದಕ್ಕೂ 67 ಕೆಜಿ ಹೊತ್ತು ನಡೆಯುವುದಕ್ಕೂ ಒಂದೇ ಇಂಧನ ಬೇಕಾಗುವುದಿಲ್ಲ. ಅದರ ಮೇಲೆ ದೇಹ ಇನ್ನಷ್ಟು ಕೈಬಿಗಿ ಹಿಡಿಯುತ್ತದೆ. ಇಳಿದ ಒಂದೊಂದು ಕೆಜಿಗೆ ದಿನದ ಖರ್ಚು ಸುಮಾರು 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ, ಹಸಿವು ಮಾತ್ರ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ ಎಂದು ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದಾರೆ. ಅವ್ವನ ಆರೂವರೆ ಕೆಜಿಗೆ ಇದನ್ನು ಹಚ್ಚಿ ನೋಡಿ: ಖರ್ಚಿನಲ್ಲಿ ಸುಮಾರು 160 ಕ್ಯಾಲೊರಿ ಕಡಿತ. 50 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಇರುವುದೂ ಅಷ್ಟೇ. ಊಟದಲ್ಲಿ ಬಿಟ್ಟ ರೊಟ್ಟಿಗಳಲ್ಲಿ ಒಂದನ್ನು ದೇಹ ಹೀಗೆ ಒಳಗೇ ಉಳಿಸಿಕೊಂಡಿತು. ಜೊತೆಗೆ ನಾಲ್ಕು ರೊಟ್ಟಿಯಷ್ಟು ಹಸಿವನ್ನೂ ಹೆಚ್ಚಿಗೆ ಹಚ್ಚಿತು. ಅವ್ವ ಕೇಳಿಸಿಕೊಂಡು ಅಂದಳು, ‘ಅಂದ್ರ ಮೈ ಅನ್ನೂದು ಬಡವರ ಮನಿ ಹಿರೇತಿ ಇದ್ದಂಗ. ಬರಗಾಲ ಬಂತಂದ್ರ ಡಬ್ಬಿ ಮುಚ್ಚಿ ಇಡತಾಳ.’ ನಾವು ಓದಿದ ಯಾವ ಲೇಖನದಲ್ಲೂ ಇದಕ್ಕಿಂತ ಚೊಲೊ ವಿವರಣೆ ಸಿಕ್ಕಿಲ್ಲ.

ಮೂರನೆಯದು ಸ್ನಾಯು. ಬರೀ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ್ದು, ಅದರಲ್ಲಿ ಸ್ನಾಯುವೂ ಸೇರಿದೆ. ನಮ್ಮ ದೇಶದವರಿಗೆ ಇದು ಹೆಚ್ಚು ದುಬಾರಿ. ತೂಕ ಕಡಿಮೆ ಇದ್ದರೂ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವ ಭಾರತೀಯ ದೇಹದ ಬಗ್ಗೆ ಪುಣೆಯ ಡಾ. ಯಾಜ್ಞಿಕ್ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಊಟದ ನಂತರ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುವೇ. ಅದು ಸವೆದರೆ ತಕ್ಕಡಿ ಇಳಿದರೂ ಸಕ್ಕರೆ ಇಳಿಯಲು ತಿಣುಕುತ್ತದೆ.

ಹಾಗಾದರೆ ನಡಿಗೆ ಸಾಲದೇ? 67 ಕೆಜಿಯ ಹೆಂಗಸು ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ 45 ನಿಮಿಷ ನಡೆದರೆ, ಸುಮ್ಮನೆ ಕೂತಾಗಿನ ಖರ್ಚು ಕಳೆದು, ಸುಮಾರು 125 ಕ್ಯಾಲೊರಿ ಹೆಚ್ಚು ಖರ್ಚಾಗುತ್ತದೆ. ಒಂದು ರೊಟ್ಟಿಗಿಂತ ಕಡಿಮೆ. ಟಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಹಡ್ಜಾ ಜನರ ದಿನದ ಶಕ್ತಿ ಖರ್ಚನ್ನು ಹರ್ಮನ್ ಪಾಂಟ್ಜರ್ ತಂಡ ಅಳೆದು 2012ರಲ್ಲಿ ಪ್ರಕಟಿಸಿತು. ದಿನವೂ ಅಷ್ಟು ನಡೆಯುವ ಅವರ ಖರ್ಚು, ದೇಹದ ಗಾತ್ರ ಸರಿದೂಗಿಸಿ ನೋಡಿದರೆ, ನಗರದ ಜನರಷ್ಟೇ ಇತ್ತು. ದೇಹ ನಡಿಗೆಗೆ ಒಗ್ಗಿಕೊಂಡು ಇನ್ನೊಂದು ಕಡೆ ಉಳಿತಾಯ ಮಾಡುತ್ತದೆ. ಇದನ್ನು ಓದಿದ ದಿನ ಮನೆಯಲ್ಲಿ ಯಾರಿಗೂ ಮಾತಿರಲಿಲ್ಲ.

ದಾರಿ ತೋರಿಸಿದ್ದು ಇನ್ನೆರಡು ಅಧ್ಯಯನ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಭಾರಿ ತೂಕ ಇಳಿಸಿದ 14 ಮಂದಿಯನ್ನು ಕೆವಿನ್ ಹಾಲ್ ತಂಡ ಆರು ವರ್ಷದ ನಂತರ ಮತ್ತೆ ಅಳೆಯಿತು. ಆಗಲೂ ಅವರ ದೇಹ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಆದರೆ 2017ರಲ್ಲಿ ಬಂದ ಮುಂದಿನ ವರದಿಯಲ್ಲಿ ಒಂದು ವಿಷಯ ಇತ್ತು: ತೂಕ ಮತ್ತೆ ಏರಲು ಬಿಡದವರು ದೇಹದ ಚಟುವಟಿಕೆಯನ್ನು ಉಳಿದವರಿಗಿಂತ ಬಹಳ ಹೆಚ್ಚಿಸಿಕೊಂಡಿದ್ದರು. ಇನ್ನೊಂದು ನಮ್ಮ ಪಕ್ಕದ ಚೆನ್ನೈನದು. ಡಾ. ಎ. ರಾಮಚಂದ್ರನ್ ತಂಡ ಅವ್ವನ ಹಾಗೆ ಹೊಸ್ತಿಲ ಮೇಲಿದ್ದ 531 ಮಂದಿಯನ್ನು ನೋಡಿಕೊಂಡು 2006ರಲ್ಲಿ ಫಲಿತಾಂಶ ಕೊಟ್ಟಿತು. ಮೂರು ವರ್ಷದಲ್ಲಿ ಬರೀ ಸಲಹೆ ಪಡೆದವರಲ್ಲಿ ನೂರಕ್ಕೆ 55 ಮಂದಿಗೆ ಸಕ್ಕರೆ ಕಾಯಿಲೆ ಬಂತು. ಊಟ, ವ್ಯಾಯಾಮ ಬದಲಿಸಿಕೊಂಡವರಲ್ಲಿ 39 ಮಂದಿಗೆ. ವಿಶೇಷವೆಂದರೆ ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇರಲೇ ಇಲ್ಲ. ಅಂದರೆ ತಕ್ಕಡಿ ನಿಂತಿದ್ದರೂ ಒಳಗೆ ಕೆಲಸ ನಡೆಯುತ್ತಿರಬಹುದು. ಅವ್ವನಿಗೆ ಮತ್ತೆ ಚಪ್ಪಲಿ ಮೆಟ್ಟುವ ಧೈರ್ಯ ಬಂದದ್ದು ಈ 531 ಮಂದಿಯಿಂದ.

ನಡಿಗೆಯ ಜೊತೆಗೆ ಭಾರ ಎತ್ತುವ ವ್ಯಾಯಾಮ ಬೇಕು ಎಂಬುದು ಖಾತ್ರಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ಚಟುವಟಿಕೆಯ ಜೊತೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳುತ್ತದೆ. ಆದರೆ ಹೇಳಿಕೊಡುವವರು ಯಾರು? ಜಿಮ್ಮಿಗೆ ಹೋಗಲು ಬಸ್ಸು ಹಿಡಿಯಬೇಕು, ಹೋದರೂ ಅಲ್ಲಿ ಸೀರೆಯ ಅವ್ವ ಏನು ಮಾಡಬೇಕು?

ಊರಲ್ಲಿ ಗರಡಿ ಮನೆ ಇದೆ. ಒಳಗೆ ಕೆಮ್ಮಣ್ಣಿನ ಅಖಾಡ, ಗೋಡೆಗೆ ಹನುಮಪ್ಪ, ಮೂಲೆಯಲ್ಲಿ ಗದೆ, ಗುಂಡುಕಲ್ಲು. ಗದಗ, ಹಳಿಯಾಳ ಕಡೆ ಹುಡುಗಿಯರು ಕುಸ್ತಿ ಆಡಿ ಹೆಸರು ಮಾಡಿದ್ದರೂ ನಮ್ಮ ಗರಡಿಯೊಳಗೆ ಹೆಂಗಸರು ಕಾಲಿಟ್ಟದ್ದಿಲ್ಲ. ಹಾಗಾಗಿ ಗರಡಿಯ ಹಿರಿಯ ಪೈಲ್ವಾನ ಅಜ್ಜನನ್ನೇ ನಮ್ಮ ಕಟ್ಟೆಗೆ ಕರೆದೆವು. ಅವರು ಚಹಾ ಕುಡಿದು ಅವ್ವನ ಕಡೆ ನೋಡಿ ಅಂದದ್ದು ಇಷ್ಟು: ‘ತಂಗಿ, ದಿನಾ ನೂರು ಬಸ್ಕಿ ಹೊಡಿಯಾಂವ ನೂರಕ್ಕ ನಿಂತ್ರ ಮೈನೂ ಅಲ್ಲೇ ನಿಲ್ಲತೈತಿ. ಎಣಿಕೀರ ಏರಬೇಕು, ಇಲ್ಲಾ ಭಾರಾರ ಏರಬೇಕು. ಮತ್ತ ಒಂದಿನಾ ಬಿಟ್ಟು ಒಂದಿನಾ ಮಾಡ್ರಿ. ಎತ್ತಿಗೂ ಸ್ವಾಮಾರ ಬಿಡತೀವಿಲ್ಲೊ?’

ಎತ್ತಿಗೆ ನೊಗ ಹೂಡದ ಸೋಮವಾರ ನಮಗೂ ಬಿಡುವಿನ ದಿನವಾಯಿತು. ಮಂಗಳವಾರ, ಗುರುವಾರ, ಶನಿವಾರ ಹಿತ್ತಲಲ್ಲಿ ಅರ್ಧ ತಾಸು. ಸಾಮಾನೆಲ್ಲ ಮನೆಯದೇ.

ಮೊದಲನೆಯದು ಬಸ್ಕಿ. ಅವ್ವನ ಮೊಣಕಾಲಿಗೆ ಪೂರ್ತಿ ಕೂರುವ ಬಸ್ಕಿ ಆಗದು. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕೇಳಿದಾಗ ಎತ್ತರದ ಮಂಚದ ಮೇಲೆ ಕೂತು, ಕೈ ಊರದೆ ಏಳುವಂತೆ ಹೇಳಿದರು. ಎಂಟು ಸಲ, ಒಂದು ನಿಮಿಷ ಬಿಡುವು, ಹೀಗೆ ಮೂರು ಸುತ್ತು. ಎರಡು ವಾರಕ್ಕೆ ಎರಡೆರಡು ಏರಿಸಿ ಹದಿನೈದಕ್ಕೆ ಬಂದ ಮೇಲೆ ಮಂಚ ಬಿಟ್ಟು ತಗ್ಗಿನ ಕಟ್ಟೆಗೆ ಬಂದಳು.

ಎರಡನೆಯದು ದಂಡ. ನೆಲದ ಮೇಲಲ್ಲ, ಗೋಡೆಗೆ. ಗೋಡೆಯಿಂದ ಎರಡು ಹೆಜ್ಜೆ ದೂರ ನಿಂತು ಅಂಗೈ ಹಚ್ಚಿ, ಮೊಣಕೈ ಮಡಚಿ ಮೈಯನ್ನು ಗೋಡೆಯ ಕಡೆ ತಂದು ಹಿಂದೆ ತಳ್ಳುವುದು. ಬಲ ಬಂದಂತೆ ಗೋಡೆಯ ಬದಲು ಬಂಡಿಯ ಗಾಲಿ, ಆಮೇಲೆ ಕಟ್ಟೆ.

ಮೂರನೆಯದು ಚೀಲ. ಕಾರಹುಣ್ಣಿಮೆಗೆ ಊರ ಹುಡುಗರು ಕ್ವಿಂಟಲ್ ಚೀಲ ಎತ್ತುವುದನ್ನು ನೋಡಿ ಸೀಟಿ ಹೊಡೆದವರು ನಾವು. 45 ಕೆಜಿಯ ಖಾಲಿ ಯೂರಿಯಾ ಚೀಲವನ್ನು ಚೆನ್ನಾಗಿ ತೊಳೆದು ಒಣಗಿಸಿ ಎಂಟು ಕೆಜಿ ಉಸುಕು ತುಂಬಿ ಬಾಯಿ ಹೊಲಿದೆವು. ಬೆನ್ನು ನೇರ ಇಟ್ಟು ಸೊಂಟ, ಮೊಣಕಾಲು ಮಡಚಿ ಎತ್ತಿ, ಎದೆಗೆ ಅವುಚಿಕೊಂಡು ಹಿತ್ತಲ ಬಾಗಿಲಿನಿಂದ ಬೇವಿನ ಗಿಡದವರೆಗೆ ಹೋಗಿ ಬರುವುದು. ಎರಡು ವಾರಕ್ಕೊಮ್ಮೆ ಒಂದು ಕೆಜಿ ಉಸುಕು ಸೇರುತ್ತದೆ.

ನಾಲ್ಕನೆಯದು ಕೊಡ. ಎರಡೂ ಕೈಯಲ್ಲಿ ಒಂದೊಂದು ಪ್ಲಾಸ್ಟಿಕ್ ಕೊಡ, ಅರ್ಧ ನೀರು. ಅವ್ವ ಇದನ್ನು ಮಾಡುವಾಗ ಮೊದಲ ದಿನ ಬಹಳ ನಕ್ಕಳು. ‘ನಳಾ ಬಂತಂತ ಪೂಜಿ ಮಾಡಿದ್ವಿ, ಈಗ ನೋಡ್ರಿ ಮತ್ತ ಕೊಡಾ!’

ನಡಿಗೆಯನ್ನೂ ಬದಲಿಸಿದೆವು. ಮಳೆ ಬಿದ್ದರೆ ಎರಿ ಮಣ್ಣು ಚಪ್ಪಲಿಗೆ ಹತ್ತಿ ಹೆಜ್ಜೆ ಕೀಳಲಾಗದು, ಹಾಗಾಗಿ ಡಾಂಬರು ರಸ್ತೆಗೆ ಬಂದೆವು. ಒಂದು ಕರೆಂಟ್ ಕಂಬದಿಂದ ಮುಂದಿನ ಕಂಬದವರೆಗೆ ಉಸಿರು ಏರುವಷ್ಟು ಜೋರು, ಮುಂದಿನ ಎರಡು ಕಂಬ ನಿಧಾನ. ರಾತ್ರಿ ಊಟವಾದ ಮೇಲೆ ಓಣಿಯಲ್ಲೇ ಹತ್ತು ನಿಮಿಷ. ಊಟದ ನಂತರ ಕಾಲಾಡಿಸಿದರೆ ಸ್ನಾಯು ಆ ಹೊತ್ತಿನ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ.

ಊಟ ಇನ್ನೂ ಕಡಿಮೆ ಮಾಡಲಿಲ್ಲ. ಸ್ನಾಯು ಕಟ್ಟಲು ಪ್ರೋಟೀನ್ ಬೇಕು. ದೇಹದ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಎಂಬುದು ನಮ್ಮ ದೇಶದ ಶಿಫಾರಸು. ಅವ್ವನಿಗೆ ಸುಮಾರು 56 ಗ್ರಾಂ. 100 ಗ್ರಾಂ ಹೆಸರುಕಾಳಿನಲ್ಲಿ 22ರಿಂದ 24 ಗ್ರಾಂ ಇದೆ, ಜೋಳದಲ್ಲಿ ಸುಮಾರು 10. ಮೊಳಕೆ ಹೆಸರು, ಮಡಕಿಕಾಳು, ಮೊಸರು, ಮನೆಯ ಕಡಲೆ ಸೇರಿಸಿದರೆ ಡಬ್ಬಿಯ ಪುಡಿ ಬೇಕಿಲ್ಲ. ಶೇಂಗಾ ಚಟ್ನಿ ಮಾತ್ರ ಚಮಚದಲ್ಲಿ ಅಳೆದು. ಅದರಲ್ಲಿ ಪ್ರೋಟೀನ್ ಇದೆ, ಹಾಗೆಯೇ 100 ಗ್ರಾಮಿಗೆ 500ಕ್ಕೂ ಹೆಚ್ಚು ಕ್ಯಾಲೊರಿಯೂ ಇದೆ.

ಓಣಿಯವರು ಏನಂದರು? ‘ಮಂದಿ ಚೀಲಾ ಹೊತ್ತು ಕೂಲಿ ತಗೋತಾರ, ಇವ್ರು ಪುಕ್ಕಟೆ ಹೊರತಾರ’ ಅಂದರು. ಗೋಡೆಯಾಚೆಯಿಂದ ಇಣುಕಿ ನೋಡಿದರು. ವೈನಿಗೆ ಇದು ಕಷ್ಟವಾಯಿತು. ಸೊಸೆಯಾದವಳು ಹಿತ್ತಲಲ್ಲಿ ದಂಡ ಹೊಡೆಯುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ಅವಳ ಬೆನ್ನು ನೋವು ಮೂರನೆಯ ವಾರಕ್ಕೆ ಕಡಿಮೆಯಾದಾಗ, ಬಟ್ಟೆ ಹೊಲಿಸಲು ಬಂದವರಿಗೆ ಅವಳೇ ಹೇಳತೊಡಗಿದಳು. ಈಗ ಗುರುವಾರ ನಮ್ಮ ಹಿತ್ತಲಿಗೆ ಇನ್ನೂ ನಾಲ್ವರು ಬರುತ್ತಾರೆ. ಒಬ್ಬರು ತಮ್ಮದೇ ಚೀಲ ತರುತ್ತಾರೆ.

ಮೊದಲ ಮೂರು ವಾರ ತಕ್ಕಡಿ ಇಳಿಯಲಿಲ್ಲ, 300 ಗ್ರಾಂ ಏರಿತು. ಹೊಸದಾಗಿ ಭಾರ ಎತ್ತಿದಾಗ ಸ್ನಾಯು ನೀರು ಹಿಡಿದುಕೊಳ್ಳುತ್ತದೆ. ಹಾಗಾಗಿ ಲೆಕ್ಕದ ವಹಿಯಲ್ಲಿ ತೂಕದ ಪಕ್ಕ ಇನ್ನೆರಡು ಕಾಲಂ ಹಾಕಿದೆವು: ಸೊಂಟದ ಅಳತೆ, ಬಿಡುವಿಲ್ಲದೆ ಎಷ್ಟು ಬಸ್ಕಿ. ಆರನೆಯ ವಾರದಿಂದ ತೂಕವೂ ಕದಲಿತು. ದಸರಾಕ್ಕೆ ಶುರು ಮಾಡಿದ್ದು, ಸಂಕ್ರಾಂತಿಯ ಹೊತ್ತಿಗೆ ಅವ್ವ 65.6 ಕೆಜಿ, ಸೊಂಟ 95ರಿಂದ 90. ಎಚ್‌ಬಿಎ1ಸಿ 5.8. ಮಗಳು 62. ವೈನಿಯ ತೂಕ 59ರಿಂದ 58.7, ಅಂದರೆ ಏನೂ ಇಲ್ಲ. ಆದರೆ ಅವಳ ಸೊಂಟ 84ರಿಂದ 79ಕ್ಕೆ ಬಂದು ಆಶಾ ಫಾರ್ಮಿನ ಸೊನ್ನೆ ಅಂಕದೊಳಗೆ ಸೇರಿತು. ತಕ್ಕಡಿಯನ್ನಷ್ಟೇ ನಂಬಿದ್ದರೆ ಅವಳು ದೀಪಾವಳಿಗೇ ಬಿಟ್ಟುಬಿಡುತ್ತಿದ್ದಳು.

ಮೊಣಕಾಲಿನ ಲೆಕ್ಕ ಬೇರೆ. ಮೊಣಕಾಲು ಸವೆದವರಲ್ಲಿ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ ಎಂದು 2005ರ ಅಧ್ಯಯನವೊಂದು ತೋರಿಸಿದೆ. ಅವ್ವನ ಎಂಟೂ ಚಿಲ್ಲರೆ ಕೆಜಿಗೆ ಹೆಜ್ಜೆಗೆ 33 ಕೆಜಿ. ಈ ಸಲ ಕಡಲೆ ಕೀಳಲು ಅವ್ವ ಹೋದಳು. ಇಬ್ಬನಿ ಆರುವ ಮುಂಚೆ, ಕೈಗೆ ಬಟ್ಟೆ ಕಟ್ಟಿಕೊಂಡು, ಹುಳಿಗೆ ಬೆರಳು ಉರಿದರೂ ಮೂರು ಸಾಲು ಹಿಡಿದಳು. ಮಧ್ಯಾಹ್ನ ಬುತ್ತಿ ಬಿಚ್ಚಲು ನೆಲಕ್ಕೆ ಕೂತವಳು ಯಾರ ಕೈಯನ್ನೂ ಹಿಡಿಯದೆ ಎದ್ದಳು. ಯಾರೂ ಗಮನಿಸಲಿಲ್ಲ, ನಾವಿಬ್ಬರು ಗಮನಿಸಿದೆವು.

ನೀವು ಶುರು ಮಾಡುವುದಾದರೆ ಕೆಲವು ಮಾತು. ಬಿಪಿ ಇದ್ದವರು, ಎದೆನೋವು ಇದ್ದವರು, ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಮೊದಲು ವೈದ್ಯರನ್ನು ಕೇಳಿ. ಕೆಲವು ಮಾತ್ರೆ ತಗೊಂಡು ಖಾಲಿ ಹೊಟ್ಟೆಯಲ್ಲಿ ಭಾರ ಎತ್ತಿದರೆ ಸಕ್ಕರೆ ಕುಸಿಯಬಹುದು. ಎತ್ತುವಾಗ ಉಸಿರು ಹಿಡಿಯಬೇಡಿ, ಬಿಡುತ್ತಾ ಎತ್ತಿ. ಸ್ನಾಯು ನೊಂದರೆ ಎರಡು ದಿನಕ್ಕೆ ಹೋಗುತ್ತದೆ. ಕೀಲಿನಲ್ಲಿ ಚುಚ್ಚಿದರೆ ಅಂದೇ ನಿಲ್ಲಿಸಿ.

ಇದನ್ನು ಬರೆಯುವ ಹೊತ್ತಿಗೆ ತಕ್ಕಡಿ ಮತ್ತೆ ನಿಂತಿದೆ. ಮೂರು ವಾರದಿಂದ ಅವ್ವ 65.5. ಈ ಸಲ ಯಾರೂ ಅಂಗಡಿಯ ತಕ್ಕಡಿಯನ್ನು ಅನುಮಾನಿಸಲಿಲ್ಲ. ನಿನ್ನೆ ಸಂಜೆ ಅವ್ವ ಚೀಲದ ಹೊಲಿಗೆ ಬಿಚ್ಚಿ, ಎರಡು ಬೊಗಸೆ ಉಸುಕು ಹಾಕಿ, ಕೈಯಲ್ಲಿ ತೂಗಿ ನೋಡಿ, ಇನ್ನೊಂದು ಬೊಗಸೆ ಹಾಕಿದಳು.